ಡಚ್ ಭಾಷೆಯ ಮೊದಲ ಪಾಠಗಳು: ಗುಣವಾಚಕದ ಕೊನೆಯಕ್ಷರ, ಕಾಗುಣಿತ ಮತ್ತು ಪೂರ್ವಾವ್ಯಯಗಳು

ನೆದರ್‌ಲೆಂಡ್ಸ್‌ನ ಆಮ್‌ಸ್ಟರ್‌ಡ್ಯಾಮ್, ಐಂಡ್‌ಹೋವನ್, ಡೆನ್ ಹಾಗ್ ಮುಂತಾದ ನಗರಗಳಲ್ಲಿ ಇಂಗ್ಲಿಷ್ ಬಲ್ಲವರಿಗೆ ದಿನ ದೂಡುವುದು ಕಷ್ಟವಲ್ಲ. ಅಂಗಡಿಯಲ್ಲಿ, ರೈಲು ನಿಲ್ದಾಣದಲ್ಲಿ, ಕಚೇರಿಯಲ್ಲಿ ಇಂಗ್ಲಿಷಿಗೆ ಇಂಗ್ಲಿಷಿನಲ್ಲೇ ಉತ್ತರ ದೊರೆಯುತ್ತದೆ. ಆದರೆ ತೆರಿಗೆ ಇಲಾಖೆಯ ನೀಲಿ ಲಕೋಟೆಯೊಳಗಿನ ಪತ್ರ, ನಗರಸಭೆಯ ನೋಟಿಸು, ಮಕ್ಕಳ ಶಾಲೆಯ ಸುತ್ತೋಲೆ ಸಾಮಾನ್ಯವಾಗಿ ಡಚ್ ಭಾಷೆಯಲ್ಲಿಯೇ ಬರುತ್ತವೆ. ಉದ್ಯೋಗದ ನಿಮಿತ್ತ ಅಲ್ಲಿಗೆ ತೆರಳಿದ ಕನ್ನಡಿಗರು ಮೊದಲ ವರ್ಷದಲ್ಲಿ ಅಲಕ್ಷಿಸಿದ ಭಾಷೆಯನ್ನು ಎರಡನೆಯ ವರ್ಷದಲ್ಲಿ ಕಲಿಯಲು ಕೂರುವುದಕ್ಕೆ ಇಂತಹ ಪತ್ರಗಳೂ ಒಂದು ಕಾರಣ.

ಕೆಲವರಿಗೆ ಈ ಕಲಿಕೆ ಐಚ್ಛಿಕವೂ ಅಲ್ಲ. ನೆದರ್‌ಲೆಂಡ್ಸ್ ಸರ್ಕಾರ 2006ರ ಮಾರ್ಚ್‌ನಲ್ಲಿ ಜಾರಿಗೆ ತಂದ ಕಾಯಿದೆಯ ಪ್ರಕಾರ, ಅಲ್ಲಿ ನೆಲೆಸಿರುವ ಪತಿ ಅಥವಾ ಪತ್ನಿಯನ್ನು ಸೇರಲು ಹೊರಡುವ ಭಾರತೀಯರು ವೀಸಾಕ್ಕೆ ಮುನ್ನ ಪ್ರಾಥಮಿಕ ಪರೀಕ್ಷೆಯೊಂದನ್ನು ಪಾಸು ಮಾಡಬೇಕಾಗುತ್ತದೆ. ಮಾತು, ಓದು ಮತ್ತು ಡಚ್ ಸಮಾಜದ ಪರಿಚಯ ಎಂಬ ಮೂರು ಭಾಗಗಳ ಈ ಪರೀಕ್ಷೆ ಯುರೋಪಿನ ಭಾಷಾ ಮಾನದಂಡದ ಎ1 ಎಂಬ ತೀರ ಮೊದಲ ಮಟ್ಟದ್ದು. ಉನ್ನತ ಕೌಶಲದ ಉದ್ಯೋಗಿಗಳಾಗಿ ತೆರಳುವವರ ಕುಟುಂಬಕ್ಕೆ ಇದರಿಂದ ವಿನಾಯಿತಿ ಇದೆ. ಆ ದೇಶಕ್ಕೆ ಹೋದ ಮೇಲೆ ಭಾಷಾ ಕಲಿಕೆಗೆ ಬದ್ಧರಾಗುವ ವಲಸಿಗರಿಗೆ 2022ರ ಜನವರಿ 1ರಂದು ಜಾರಿಗೆ ಬಂದ ಹೊಸ ಕಾಯಿದೆ ಬಿ1 ಮಟ್ಟದ ಗುರಿಯನ್ನು ವಿಧಿಸಿದೆ. ಮೂರು ವರ್ಷದ ಮಗುವಿನಂತೆ ತಪ್ಪುತಪ್ಪಾಗಿ ಮಾತನಾಡಿದರೂ ನಡೆಯುತ್ತದೆ ಎನ್ನುವ ಹಂತವನ್ನು ದಾಟಲೇಬೇಕಾದ ಮಟ್ಟ ಅದು.

ಸುಮಾರು 2.4 ಕೋಟಿ ಜನರ ಮಾತೃಭಾಷೆಯಾದ ಡಚ್, ನೆದರ್‌ಲೆಂಡ್ಸ್‌ನಲ್ಲಿ ಮಾತ್ರವಲ್ಲದೆ ಬೆಲ್ಜಿಯಂನ ಫ್ಲಾಂಡರ್ಸ್ ಹಾಗೂ ಬ್ರಸೆಲ್ಸ್‌ನಲ್ಲಿ, ದಕ್ಷಿಣ ಅಮೆರಿಕದ ಸುರಿನಾಮ್‌ನಲ್ಲಿ, ಕೆರಿಬಿಯನ್‌ನ ಅರುಬಾ, ಕ್ಯುರಸಾವ್, ಸಿಂಟ್ ಮಾರ್ಟನ್ ದ್ವೀಪಗಳಲ್ಲಿ ಆಡಳಿತ ಭಾಷೆಯಾಗಿದೆ. ಇಂಗ್ಲಿಷ್ ಮತ್ತು ಜರ್ಮನ್‌ಗಳ ಸಮೀಪಬಂಧು. ಜರ್ಮನ್‌ನ ವಿಭಕ್ತಿಗಳ ಕಾಟ ಇದರಲ್ಲಿಲ್ಲ; ಆದರೂ ಹೊಸಬರು ಎಡವುವ ಸ್ಥಳಗಳು ಮೂರಿವೆ. ಗುಣವಾಚಕದ ಕೊನೆಗೆ ಸೇರುವ ಒಂದು ಪುಟ್ಟ ಅಕ್ಷರ, ಸ್ವರ-ವ್ಯಂಜನಗಳನ್ನು ಒಮ್ಮೆ ಒಂಟಿಯಾಗಿ ಒಮ್ಮೆ ಜೋಡಿಯಾಗಿ ಬರೆಯುವ ಕಾಗುಣಿತ, ಮತ್ತು ಇಂಗ್ಲಿಷಿನಲ್ಲಿ ಪ್ರಿಪೊಸಿಷನ್ ಎಂದು ಕರೆಯುವ ಪೂರ್ವಾವ್ಯಯಗಳು. ಈ ಮೂರೂ ಒಂದಕ್ಕೊಂದು ಹೆಣೆದುಕೊಂಡಿವೆ.

ಉದಾಹರಣೆಗಳನ್ನು ಕನ್ನಡ ಲಿಪಿಯಲ್ಲಿ ಬರೆಯುವಾಗ ಎರಡು ಅಂಶಗಳನ್ನು ಗಮನದಲ್ಲಿಡಬೇಕು. ಡಚ್‌ನ ‘ಜಿ’ ಅಕ್ಷರ ಗಂಟಲಿನಿಂದ ಉಜ್ಜಿ ಬರುವ ಧ್ವನಿ. ಅದಕ್ಕೆ ಇಲ್ಲಿ ‘ಖ’ ಎಂದು ಬಳಸಲಾಗಿದೆ. ಪದಾಂತ್ಯದ ಒಂಟಿ ‘ಇ’ ಅಕ್ಷರವನ್ನು ‘ಇ’ ಎಂದಾಗಲಿ ‘ಎ’ ಎಂದಾಗಲಿ ಉಚ್ಚರಿಸದೆ, ಅಸ್ಪಷ್ಟವಾದ ಅಕಾರದಂತೆ ನುಡಿಯುತ್ತಾರೆ. ಆದ್ದರಿಂದ ‘ಖ್ರೋಟ್’ (ದೊಡ್ಡ) ಎಂಬ ಪದಕ್ಕೆ ಆ ಅಕ್ಷರ ಸೇರಿದಾಗ ಅದು ‘ಖ್ರೋಟ’ ಆಗುತ್ತದೆ.

ಲಿಂಗ ಎರಡು, ಆರ್ಟಿಕಲ್ ಮೂರು

ಗುಣವಾಚಕದ ನಿಯಮಕ್ಕೆ ಮೊದಲು ನಾಮಪದದ ಲಿಂಗವನ್ನು ತಿಳಿಯಬೇಕು. ಕನ್ನಡದಲ್ಲಿ ಲಿಂಗವು ಅರ್ಥವನ್ನು ಅನುಸರಿಸುತ್ತದೆ. ಗಂಡಸು ಪುಲ್ಲಿಂಗ, ಹೆಂಗಸು ಸ್ತ್ರೀಲಿಂಗ, ಉಳಿದುದು ನಪುಂಸಕ. ಡಚ್‌ನಲ್ಲಿ ಹಾಗಲ್ಲ. ಅಲ್ಲಿ ನಾಮಪದಗಳು ‘ಡ’ ಗುಂಪು ಮತ್ತು ‘ಹೆಟ್’ ಗುಂಪು ಎಂದು ಎರಡಾಗಿ ವಿಭಾಗಗೊಂಡಿವೆ. ಎರಡೂ ಇಂಗ್ಲಿಷಿನ ‘ದ’ ಎಂಬ ಆರ್ಟಿಕಲ್‌ಗೆ ಸಮ. ನಗರ ಎಂಬರ್ಥದ ‘ಸ್ಟಟ್’, ಬೀದಿ ಎಂಬರ್ಥದ ‘ಸ್ಟ್ರಾಟ್’, ತೋಟ ಎಂಬರ್ಥದ ‘ಟೊಯ್ನ್’ ಮೊದಲನೆಯ ಗುಂಪಿನವು. ಮನೆ ಎಂಬರ್ಥದ ‘ಹೊಯ್ಸ್’, ಪುಸ್ತಕ ಎಂಬರ್ಥದ ‘ಬೂಕ್’, ಮಗು ಎಂಬರ್ಥದ ‘ಕಿಂಟ್’ ಎರಡನೆಯ ಗುಂಪಿನವು. ‘ಡ’ ಗುಂಪಿನ ಪದಗಳ ಸಂಖ್ಯೆಯೇ ಹೆಚ್ಚು. ಅನಿರ್ದಿಷ್ಟವಾಗಿ ‘ಒಂದು’ ಎನ್ನಬೇಕಾದಾಗ ಎರಡೂ ಗುಂಪಿಗೆ ‘ಅನ್’ ಎಂಬ ಒಂದೇ ಆರ್ಟಿಕಲ್.

ಯಾವ ಪದ ಯಾವ ಗುಂಪಿಗೆ ಸೇರಿದ್ದು ಎಂಬುದಕ್ಕೆ ಪೂರ್ಣ ನಿಯಮವಿಲ್ಲ. ಎರಡು ಖಚಿತ ಸೂತ್ರಗಳು ಮಾತ್ರ ಹೊಸಬರಿಗೆ ಆಸರೆ. ಒಂದು, ಬಹುವಚನಕ್ಕೆ ಸದಾ ‘ಡ’. ಎರಡು, ‘ಪುಟ್ಟ’ ಎಂಬ ಅರ್ಥ ಕೊಡುವ ‘ಯ’ ಪ್ರತ್ಯಯ ಸೇರಿದ ಏಕವಚನ ಪದಕ್ಕೆ ಸದಾ ‘ಹೆಟ್’. ಬಟ್ಟಲು ಎಂಬರ್ಥದ ‘ಕೊಪ್’ ಎಂಬುದು ‘ಡ’ ಗುಂಪಿನದು. ಆದರೆ ಪುಟ್ಟ ಬಟ್ಟಲು ಎಂಬ ‘ಕೊಪ್ಯ’ ಪದ ‘ಹೆಟ್’ ಗುಂಪಿನದು. ಹುಡುಗಿ ಎಂಬರ್ಥದ ‘ಮೈಶ’ ಪದವೂ ಇದೇ ಪ್ರತ್ಯಯದಿಂದ ಮುಗಿಯುವುದರಿಂದ, ವ್ಯಾಕರಣದ ಪ್ರಕಾರ ಡಚ್ ಹುಡುಗಿ ನಪುಂಸಕ ಲಿಂಗ. ಇದನ್ನು ಕೇಳಿ ನಗುವ ಕನ್ನಡಿಗರು, ‘ಮಗು’, ‘ಜನ’ ಎಂಬ ಪದಗಳು ಕನ್ನಡದಲ್ಲಿಯೂ ನಪುಂಸಕವೆಂಬುದನ್ನು ನೆನೆದರೆ ಸಾಕು.

ಆ ಪುಟ್ಟ ‘ಇ’ ಯಾವಾಗ ಬರುತ್ತದೆ?

ಕನ್ನಡದಲ್ಲಿ ‘ಒಳ್ಳೆಯ ಹುಡುಗ, ಒಳ್ಳೆಯ ಹುಡುಗಿ, ಒಳ್ಳೆಯ ಮನೆ, ಒಳ್ಳೆಯ ಮನೆಗಳು’ ಎನ್ನುವಾಗ ಗುಣವಾಚಕ ಅಲುಗಾಡುವುದಿಲ್ಲ. ಇಂಗ್ಲಿಷಿನಲ್ಲಿಯೂ ಅಷ್ಟೇ. ಡಚ್‌ನಲ್ಲಿ ನಾಮಪದದ ಮುಂದೆ ಬರುವ ಗುಣವಾಚಕಕ್ಕೆ ಸಾಮಾನ್ಯವಾಗಿ ‘ಇ’ ಸೇರುತ್ತದೆ.

ಡ ಖ್ರೋಟ ಸ್ಟಟ್ – ಆ ದೊಡ್ಡ ನಗರ
ಅನ್ ಖ್ರೋಟ ಸ್ಟಟ್ – ಒಂದು ದೊಡ್ಡ ನಗರ
ಹೆಟ್ ಖ್ರೋಟ ಹೊಯ್ಸ್ – ಆ ದೊಡ್ಡ ಮನೆ
ಡ ಖ್ರೋಟ ಹೊಯ್ಜನ್ – ಆ ದೊಡ್ಡ ಮನೆಗಳು
ಅನ್ ಖ್ರೋಟ್ ಹೊಯ್ಸ್ – ಒಂದು ದೊಡ್ಡ ಮನೆ

ಕೊನೆಯ ಸಾಲಿನಲ್ಲಿ ಮಾತ್ರ ‘ಇ’ ಇಲ್ಲ. ನಿಯಮದ ಸಾರ ಇದೇ. ಪದವು ‘ಹೆಟ್’ ಗುಂಪಿನದಾಗಿರಬೇಕು, ಏಕವಚನದಲ್ಲಿರಬೇಕು, ಅನಿರ್ದಿಷ್ಟವಾಗಿರಬೇಕು. ಈ ಮೂರು ಷರತ್ತುಗಳೂ ಒಟ್ಟಿಗೆ ಪೂರೈಸಿದಾಗ ಗುಣವಾಚಕ ಬೋಳಾಗಿ ನಿಲ್ಲುತ್ತದೆ. ಒಂದು ಷರತ್ತು ತಪ್ಪಿದರೂ ‘ಇ’ ಮರಳಿ ಬರುತ್ತದೆ.

‘ಅನ್’ ಅಲ್ಲದೆ, ‘ಯಾವುದೇ ಇಲ್ಲ’ ಎಂಬರ್ಥದ ‘ಖೇನ್’, ‘ಪ್ರತಿಯೊಂದು’ ಎಂಬರ್ಥದ ‘ಎಲ್ಕ್’, ‘ಯಾವ’ ಎಂಬರ್ಥದ ‘ವೆಲ್ಕ್’ ಇವುಗಳ ನಂತರವೂ ಅನಿರ್ದಿಷ್ಟದ ನಿಯಮವೇ ಅನ್ವಯ. ಆರ್ಟಿಕಲ್ ಇಲ್ಲದೆಯೇ ಬಳಸುವ ಪದಗಳಿಗೂ ಹಾಗೆಯೇ. ನೀರು ‘ಹೆಟ್’ ಗುಂಪಿನದು, ಆದ್ದರಿಂದ ತಣ್ಣೀರು ‘ಕೌಟ್ ವಾಟರ್’. ಹಾಲು ‘ಡ’ ಗುಂಪಿನದು, ಆದ್ದರಿಂದ ತಣ್ಣನೆಯ ಹಾಲು ‘ಕೌಡ ಮೆಲ್ಕ್’. ಆದರೆ ‘ನನ್ನ’, ‘ನಿನ್ನ’ ಎಂಬ ಷಷ್ಠಿಯ ಪದಗಳು, ‘ಈ’, ‘ಆ’ ಎಂಬ ನಿರ್ದೇಶಕಗಳು ವಸ್ತುವನ್ನು ನಿರ್ದಿಷ್ಟಗೊಳಿಸುವುದರಿಂದ ಅವುಗಳ ನಂತರ ‘ಇ’ ಬೇಕೇ ಬೇಕು. ‘ನನ್ನ ದೊಡ್ಡ ಮನೆ’ ಎಂಬುದು ‘ಮೈನ್ ಖ್ರೋಟ ಹೊಯ್ಸ್’. ಹೊಸಬರು ಅತಿ ಹೆಚ್ಚು ತಪ್ಪುವ ಸ್ಥಳಗಳಲ್ಲಿ ಇದೂ ಒಂದು.

ಗುಣವಾಚಕವು ವಾಕ್ಯದ ಕೊನೆಯಲ್ಲಿ ವಿಧೇಯವಾಗಿ ಬಂದಾಗ ‘ಇ’ ಎಂದಿಗೂ ಇಲ್ಲ. ‘ಮನೆ ದೊಡ್ಡದು’ ಎಂಬುದು ‘ಹೆಟ್ ಹೊಯ್ಸ್ ಇಸ್ ಖ್ರೋಟ್’. ‘ನಗರ ದೊಡ್ಡದು’ ಎಂಬುದು ‘ಡ ಸ್ಟಟ್ ಇಸ್ ಖ್ರೋಟ್’. ಕನ್ನಡದ ರೀತಿ ಇದಕ್ಕೆ ತೀರ ವಿರುದ್ಧ. ನಾಮಪದದ ಮುಂದೆ ‘ದೊಡ್ಡ’ ಎಂದು ಬೋಳಾಗಿರುವ ಪದ ವಿಧೇಯದಲ್ಲಿ ‘ದೊಡ್ಡದು’ ಎಂದು ಬಾಲ ಪಡೆಯುತ್ತದೆ. ಕನ್ನಡದಲ್ಲಿ ಬಾಲ ಬೆಳೆಯುವಲ್ಲಿ ಡಚ್‌ನಲ್ಲಿ ಬಾಲ ಕತ್ತರಿಸುತ್ತದೆ ಎಂದು ನೆನಪಿಟ್ಟುಕೊಂಡರೆ ಗೊಂದಲವಾಗದು.

ಬಾಲವನ್ನೇ ಒಲ್ಲದ ಗುಣವಾಚಕಗಳು

ಕೆಲವು ಗುಣವಾಚಕಗಳು ಎಲ್ಲಿಯೂ ‘ಇ’ ಸ್ವೀಕರಿಸುವುದಿಲ್ಲ. ಯಾವ ವಸ್ತುವಿನಿಂದ ಮಾಡಿದ್ದು ಎಂದು ಹೇಳುವ, ‘ಅನ್’ ಧ್ವನಿಯಿಂದ ಮುಗಿಯುವ ಪದಗಳು ಇವುಗಳಲ್ಲಿ ಮುಖ್ಯ. ಮರದ ಎಂಬರ್ಥದ ‘ಹೌಟನ್’, ಚಿನ್ನದ ಎಂಬರ್ಥದ ‘ಖೌಡನ್’, ಬೆಳ್ಳಿಯ ಎಂಬರ್ಥದ ‘ಜಿಲ್ವರನ್’ ಈ ಬಗೆಯವು. ‘ಸ್ವಂತ’ ಎಂಬರ್ಥದ ‘ಐಖನ್’, ‘ತೆರೆದ’ ಎಂಬರ್ಥದ ‘ಓಪನ್’ ಕೂಡ ಬದಲಾಗುವುದಿಲ್ಲ.

ಕ್ರಿಯಾಪದದಿಂದ ಹುಟ್ಟಿದ ಗುಣವಾಚಕಗಳಲ್ಲಿ ಎರಡು ದಾರಿಗಳಿವೆ. ಹುರಿದ ಎಂಬರ್ಥದ ‘ಖಬಾಕನ್’ ಪದ ‘ಅನ್’ನಿಂದ ಮುಗಿಯುವುದರಿಂದ ಸದಾ ಹಾಗೆಯೇ ಉಳಿಯುತ್ತದೆ. ಬೇಯಿಸಿದ ಎಂಬರ್ಥದ ‘ಖಕೋಕ್ಟ್’ ಮಾತ್ರ ಸಾಮಾನ್ಯ ನಿಯಮಕ್ಕೆ ಬದ್ಧ. ಆಲೂಗಡ್ಡೆಗಳು ‘ಆರ್ಡಾಪಲನ್’, ಹುರಿದರೆ ‘ಖಬಾಕನ್ ಆರ್ಡಾಪಲನ್’, ಬೇಯಿಸಿದರೆ ‘ಖಕೋಕ್ಟ ಆರ್ಡಾಪಲನ್’. ಮೊಟ್ಟೆ ‘ಹೆಟ್’ ಗುಂಪಿನದಾದ್ದರಿಂದ ಬೇಯಿಸಿದ ಒಂದು ಮೊಟ್ಟೆ ‘ಅನ್ ಖಕೋಕ್ಟ್ ಐ’. ಅಡುಗೆಮನೆಯಲ್ಲಿಯೇ ಅರ್ಧ ವ್ಯಾಕರಣ ಕಲಿಯಬಹುದು ಎಂಬುದಕ್ಕೆ ಇದು ನಿದರ್ಶನ.

‘ಏನಾದರೂ’ ಎಂಬರ್ಥದ ‘ಈಟ್ಸ್’, ‘ಏನೂ ಇಲ್ಲ’ ಎಂಬರ್ಥದ ‘ನೀಟ್ಸ್’ ಪದಗಳ ನಂತರ ಗುಣವಾಚಕಕ್ಕೆ ‘ಇ’ ಬದಲು ‘ಎಸ್’ ಸೇರುತ್ತದೆ. ‘ಏನಾದರೂ ರುಚಿಯಾದದ್ದು’ ಎಂಬುದು ‘ಈಟ್ಸ್ ಲೆಕರ್ಸ್’.

ಒಂದು ಸ್ವಾರಸ್ಯವನ್ನೂ ಇಲ್ಲಿ ಹೇಳಬೇಕು. ಗಂಡಸು ಎಂಬರ್ಥದ ‘ಮನ್’ ಪದ ‘ಡ’ ಗುಂಪಿನದು. ಹಾಗಾಗಿ ‘ಅನ್ ಖ್ರೋಟ ಮನ್’ ಎಂದರೆ ಎತ್ತರದ, ದೊಡ್ಡ ಮೈಕಟ್ಟಿನ ವ್ಯಕ್ತಿ. ‘ಇ’ ಕೈಬಿಟ್ಟು ‘ಅನ್ ಖ್ರೋಟ್ ಮನ್’ ಎಂದರೆ ಮಹಾಪುರುಷ. ದೇಹದ ಅಳತೆಗೂ ವ್ಯಕ್ತಿತ್ವದ ಅಳತೆಗೂ ಇಲ್ಲಿ ಒಂದಕ್ಷರದ ಅಂತರ.

ಕಾಗುಣಿತ: ಗುರು-ಲಘು ಬಲ್ಲವರಿಗೆ ಸುಲಭ

ಹ್ರಸ್ವ ಮತ್ತು ದೀರ್ಘ ಸ್ವರಗಳ ಭೇದ ಇಂಗ್ಲಿಷ್ ಭಾಷಿಕರಿಗೆ ತೊಡಕು. ಕನ್ನಡಿಗರಿಗೆ ಅದು ಬಾಲ್ಯದ ಪಾಠ. ಡಚ್‌ನಲ್ಲಿ ‘ಮನ್’ ಎಂದರೆ ಗಂಡಸು, ‘ಮಾನ್’ ಎಂದರೆ ಚಂದ್ರ. ‘ಬೊಮ್’ ಎಂದರೆ ಬಾಂಬು, ‘ಬೋಮ್’ ಎಂದರೆ ಮರ. ಕಿವಿಗೆ ತಿಳಿಯುವ ಈ ವ್ಯತ್ಯಾಸವನ್ನು ಬರವಣಿಗೆಗೆ ಇಳಿಸುವ ಕ್ರಮ ಮಾತ್ರ ಹೊಸದು.

ಸೂತ್ರ ಹೀಗಿದೆ. ವ್ಯಂಜನದಿಂದ ಮುಗಿಯುವ ಉಚ್ಚಾರಾಂಶ ‘ಮುಚ್ಚಿದ’ದ್ದು, ಸ್ವರದಿಂದ ಮುಗಿಯುವುದು ‘ತೆರೆದ’ದ್ದು. ಮುಚ್ಚಿದ ಉಚ್ಚಾರಾಂಶದಲ್ಲಿ ದೀರ್ಘಸ್ವರಕ್ಕೆ ಎರಡು ಅಕ್ಷರ, ಹ್ರಸ್ವಸ್ವರಕ್ಕೆ ಒಂದು ಅಕ್ಷರ. ಆದ್ದರಿಂದ ಮರ ‘ಬಿ-ಒ-ಒ-ಎಂ’, ಬಾಂಬು ‘ಬಿ-ಒ-ಎಂ’. ತೆರೆದ ಉಚ್ಚಾರಾಂಶದಲ್ಲಿ ದೀರ್ಘಸ್ವರಕ್ಕೂ ಒಂದೇ ಅಕ್ಷರ ಸಾಕು. ಬಹುವಚನದ ‘ಅನ್’ ಸೇರಿದಾಗ ‘ಬೋ-ಮನ್’ ಎಂದು ಪದ ಒಡೆಯುತ್ತದೆ, ಮೊದಲ ಭಾಗ ತೆರೆದುಕೊಳ್ಳುತ್ತದೆ. ಹೀಗಾಗಿ ಮರಗಳು ‘ಬಿ-ಒ-ಎಂ-ಇ-ಎನ್’. ಬಾಂಬುಗಳ ಸ್ವರ ಹ್ರಸ್ವವಾಗಿಯೇ ಉಳಿಯಬೇಕಾದರೆ ಉಚ್ಚಾರಾಂಶ ಮುಚ್ಚಿರಬೇಕು. ಅದಕ್ಕಾಗಿ ವ್ಯಂಜನವನ್ನು ಇಮ್ಮಡಿಸಿ ‘ಬಿ-ಒ-ಎಂ-ಎಂ-ಇ-ಎನ್’ ಎಂದು ಬರೆಯುತ್ತಾರೆ. ತೋಟದಲ್ಲಿರುವ ಮರಗಳ ಬಗೆಗೆ ಪತ್ರ ಬರೆಯುವವರು ಒಂದು ‘ಎಂ’ ಹೆಚ್ಚಿಗೆ ಹಾಕಿದರೆ ತೋಟದ ತುಂಬ ಬಾಂಬುಗಳಾಗುತ್ತವೆ.

ಕನ್ನಡ ಛಂದಸ್ಸಿನಲ್ಲಿ ಒಂದು ಅಕ್ಷರದ ಅಳತೆಯನ್ನು ತಿಳಿಯಲು ಅದರ ಮುಂದೆ ಒತ್ತಕ್ಷರವಿದೆಯೇ ಎಂದು ನೋಡುವುದು ರೂಢಿ. ಡಚ್ ಓದುವಾಗಲೂ ಕಣ್ಣು ಸ್ವರದ ಮುಂದಿನ ವ್ಯಂಜನದ ಮೇಲಿರಬೇಕು. ಜೋಡಿ ವ್ಯಂಜನ ಕಂಡರೆ ಹಿಂದಿನ ಸ್ವರ ಹ್ರಸ್ವ. ಆದರೆ ಒಂದು ಎಚ್ಚರಿಕೆ ಅಗತ್ಯ. ಕನ್ನಡದ ‘ಅನ್ನ’, ‘ಅಮ್ಮ’ಗಳಂತೆ ಆ ಜೋಡಿಯನ್ನು ಒತ್ತಿ ನುಡಿಯಬಾರದು. ಇಮ್ಮಡಿ ಬರೆಯುವುದು ಕಣ್ಣಿಗಾಗಿ ಮಾತ್ರ. ನುಡಿಯುವುದು ‘ಬೊಮನ್’ ಎಂದೇ.

ಗುಣವಾಚಕದ ‘ಇ’ ಸೇರಿದಾಗಲೂ ಇದೇ ಸೂತ್ರ. ‘ಖ್ರೋಟ್’ ಪದದ ಎರಡು ‘ಒ’ಗಳಲ್ಲಿ ಒಂದು ‘ಖ್ರೋಟ’ ಎಂಬಲ್ಲಿ ಉದುರುತ್ತದೆ. ಕೆಂಪು ಎಂಬರ್ಥದ ‘ರೋಟ್’ ಮತ್ತು ‘ರೋಡ’, ಹಳದಿ ಎಂಬರ್ಥದ ‘ಖೇಲ್’ ಮತ್ತು ‘ಖೇಲ’, ದುಬಾರಿ ಎಂಬರ್ಥದ ‘ಡ್ಯೂರ್’ ಮತ್ತು ‘ಡ್ಯೂರ’ ಇದೇ ದಾರಿಯವು. ಬಿಳಿ ಎಂಬರ್ಥದ ‘ವಿಟ್’ ಹಾಗೂ ದಪ್ಪ ಎಂಬರ್ಥದ ‘ಡಿಕ್’ ಪದಗಳಲ್ಲಿ ಸ್ವರ ಹ್ರಸ್ವವಾದ್ದರಿಂದ ಕೊನೆಯ ವ್ಯಂಜನ ಇಮ್ಮಡಿಯಾಗುತ್ತದೆ. ಒತ್ತಿಲ್ಲದ ಉಚ್ಚಾರಾಂಶಕ್ಕೆ ಈ ಇಮ್ಮಡಿ ಇಲ್ಲ. ರುಚಿಕರ ಎಂಬರ್ಥದ ‘ಲೆಕರ್’ ಪದಕ್ಕೆ ‘ಇ’ ಸೇರಿದಾಗ ಕೊನೆಯ ‘ಆರ್’ ಒಂಟಿಯಾಗಿಯೇ ಉಳಿಯುತ್ತದೆ. ‘ಐ-ಇ’, ‘ಒ-ಇ’, ‘ಯು-ಐ’, ‘ಐ-ಜೆ’ ಮುಂತಾದ ಜೋಡಿ ಸ್ವರಚಿಹ್ನೆಗಳೂ ಎಲ್ಲಿಯೂ ಕುಗ್ಗುವುದಿಲ್ಲ.

ಬದಲಾಗುವ ವ್ಯಂಜನಗಳು

ಡಚ್ ಪದ ‘ವಿ’ ಅಥವಾ ‘ಜೆಡ್’ ಅಕ್ಷರದಿಂದ ಮುಗಿಯುವುದು ತೀರ ಅಪರೂಪ. ಪದಾಂತ್ಯದಲ್ಲಿ ಅವು ‘ಎಫ್’ ಮತ್ತು ‘ಎಸ್’ ಆಗುತ್ತವೆ. ಮುಂದೆ ಪ್ರತ್ಯಯ ಸೇರಿದಾಗ ಮೂಲ ಅಕ್ಷರಗಳು ಹಿಂದಿರುಗುತ್ತವೆ. ‘ಹೊಯ್ಸ್’ ಬಹುವಚನದಲ್ಲಿ ‘ಹೊಯ್ಜನ್’ ಆದದ್ದು ಹೀಗೆ. ಮುದ್ದಾದ ಎಂಬರ್ಥದ ‘ಲೀಫ್’ ಪದ ‘ಲೀವ’ ಆಗುತ್ತದೆ. ಕೊಳಕು ಎಂಬರ್ಥದ ‘ವೀಸ್’ ಪದ ‘ವೀಜ’ ಆಗುತ್ತದೆ. ಈ ಬದಲಾವಣೆಯನ್ನು ಬರವಣಿಗೆಯಲ್ಲಿಯೂ ತೋರಿಸುತ್ತಾರೆ.

‘ಡಿ’ ಅಕ್ಷರದ ವಿಷಯ ಬೇರೆ. ಪದಾಂತ್ಯದಲ್ಲಿ ಅದು ‘ಟ್’ ಎಂದೇ ಕೇಳಿಸುತ್ತದೆ, ಆದರೆ ಬರವಣಿಗೆಯಲ್ಲಿ ‘ಡಿ’ ಉಳಿಯುತ್ತದೆ. ‘ರೋಟ್’ ಪದವನ್ನು ‘ಡಿ’ಯಿಂದ ಬರೆಯಬೇಕೆಂದು ತಿಳಿಯುವುದು ‘ರೋಡ’ ಎಂದು ನುಡಿದು ನೋಡಿದಾಗ. ಕ್ರಿಯಾಪದಗಳಲ್ಲಿ ಇದೇ ತೊಡಕು ಬೃಹತ್ತಾಗುತ್ತದೆ. ‘ನನಗೆ ಅನ್ನಿಸುತ್ತದೆ’ ಎನ್ನುವಾಗ ‘ವಿಂಟ್’ ಪದವನ್ನು ‘ಡಿ’ಯಿಂದ ಮುಗಿಸಬೇಕು, ‘ಅವನಿಗೆ ಅನ್ನಿಸುತ್ತದೆ’ ಎನ್ನುವಾಗ ‘ಡಿ-ಟಿ’ ಎರಡನ್ನೂ ಬರೆಯಬೇಕು. ಉಚ್ಚಾರಣೆ ಎರಡಕ್ಕೂ ಒಂದೇ. ಈ ‘ಡಿ-ಟಿ’ ದೋಷ ಡಚ್ಚರ ಶಾಲಾ ಮಕ್ಕಳನ್ನೂ ಪತ್ರಿಕೆಗಳನ್ನೂ ಬಿಟ್ಟಿಲ್ಲ. ಆದರೂ ಉದ್ಯೋಗದ ಅರ್ಜಿಯಲ್ಲಿ ಇಂತಹ ತಪ್ಪು ಕಂಡರೆ ಅರ್ಜಿದಾರರ ಶಿಕ್ಷಣವನ್ನೇ ಶಂಕಿಸುವವರು ಅಲ್ಲಿ ಇದ್ದಾರೆ.

ಒಂದೇ ಧ್ವನಿಗೆ ಎರಡು ಬರಹಗಳಿರುವುದೂ ಉಂಟು. ‘ಐ’ ಧ್ವನಿಯನ್ನು ಕೆಲವು ಪದಗಳಲ್ಲಿ ‘ಇ-ಐ’ ಎಂದೂ ಕೆಲವು ಪದಗಳಲ್ಲಿ ‘ಐ-ಜೆ’ ಎಂದೂ ಬರೆಯುತ್ತಾರೆ. ‘ಮೈ’ ಎಂಬುದನ್ನು ಮೊದಲ ರೀತಿಯಲ್ಲಿ ಬರೆದರೆ ಮೇ ತಿಂಗಳು, ಎರಡನೆಯ ರೀತಿಯಲ್ಲಿ ಬರೆದರೆ ‘ನನ್ನನ್ನು’. ‘ಔ’ ಧ್ವನಿಗೂ ಎರಡು ರೂಪ. ‘ರೌ’ ಎಂಬುದು ‘ಎ-ಯು’ ಇಂದ ಬರೆದರೆ ಹಸಿ, ‘ಒ-ಯು’ ಇಂದ ಬರೆದರೆ ಶೋಕ. ಇವನ್ನು ಕಂಠಪಾಠ ಮಾಡುವುದೊಂದೇ ದಾರಿ. ‘ಐ-ಜೆ’ ಜೋಡಿಯಿಂದ ಆರಂಭವಾಗುವ ಹೆಸರುಗಳಲ್ಲಿ ಎರಡೂ ಅಕ್ಷರಗಳು ದೊಡ್ಡಕ್ಷರಗಳಾಗುತ್ತವೆ ಎಂಬುದು ಗಮನಾರ್ಹ.

ಸರ್ಕಾರದ ಕಾಗುಣಿತ, ಜನರ ಜಗಳ

ಈ ಕಾಗುಣಿತ ಇಂದಿನ ರೂಪಕ್ಕೆ ಬಂದುದು ಹಂತಹಂತವಾಗಿ. ಹಿಂದೆ ಮರಗಳು ಎಂಬುದನ್ನು ಎರಡು ‘ಒ’ಗಳಿಂದಲೇ ಬರೆಯುತ್ತಿದ್ದರು. ಶಿಕ್ಷಣ ಸಚಿವ ಮಾರ್ಷಾನ್ ಅವರ ಹೆಸರಿನಲ್ಲಿ 1934ರಲ್ಲಿ ಶಾಲೆಗಳಿಗೆ ಬಂದ ಸುಧಾರಣೆ ತೆರೆದ ಉಚ್ಚಾರಾಂಶಗಳಲ್ಲಿನ ಇಂತಹ ಹೆಚ್ಚುವರಿ ಅಕ್ಷರಗಳನ್ನು ಕೈಬಿಟ್ಟಿತು. ಮಾತಿನಲ್ಲಿ ಎಂದೋ ಅಳಿದಿದ್ದ ವಿಭಕ್ತಿ ಪ್ರತ್ಯಯಗಳನ್ನೂ ಬರವಣಿಗೆಯಿಂದ ಬಹುಮಟ್ಟಿಗೆ ತೆಗೆಯಿತು. ಸುಧಾರಣೆ ಬೆಲ್ಜಿಯಂನಲ್ಲಿ 1946ರಲ್ಲಿ, ನೆದರ್‌ಲೆಂಡ್ಸ್‌ನಲ್ಲಿ 1947ರಲ್ಲಿ ಅಧಿಕೃತವಾಯಿತು. ಡೆನ್ ಹಾಗ್ ಎಂಬ ಊರ ಹೆಸರಿನ ‘ಡೆನ್’ ಅಂತಹ ಅಳಿದ ವಿಭಕ್ತಿಯ ಪಳೆಯುಳಿಕೆ.

ಅಧಿಕೃತ ಪದಪಟ್ಟಿ 1954ರಲ್ಲಿ ಪ್ರಕಟವಾಯಿತು. ಹೊದಿಕೆಯ ಬಣ್ಣದಿಂದಾಗಿ ಅದಕ್ಕೆ ‘ಹಸಿರು ಪುಸ್ತಿಕೆ’ ಎಂಬ ಹೆಸರು ಅಂಟಿದೆ. ನೆದರ್‌ಲೆಂಡ್ಸ್ ಮತ್ತು ಬೆಲ್ಜಿಯಂ 1980ರಲ್ಲಿ ಒಪ್ಪಂದ ಮಾಡಿಕೊಂಡು ಸ್ಥಾಪಿಸಿದ ಡಚ್ ಭಾಷಾ ಒಕ್ಕೂಟ ಈಗ ಅದರ ಹೊಣೆ ಹೊತ್ತಿದೆ. ಪರಿಷ್ಕರಣೆಗಳು ನಿರ್ವಿವಾದವಾಗಿ ನಡೆದಿಲ್ಲ. 1995ರ ಪರಿಷ್ಕರಣೆ ದೋಸೆಯಂತಹ ತಿನಿಸಾದ ‘ಪನಕೂಕ್’ ಪದದ ನಡುವೆ ಒಂದು ‘ಎನ್’ ಸೇರಿಸಿದಾಗ ಜನ ಗೊಣಗಿದರು. 2005ರ ಪರಿಷ್ಕರಣೆಯನ್ನು ಒಪ್ಪದ ಹಲವು ಪತ್ರಿಕೆ ಹಾಗೂ ಪ್ರಸಾರ ಸಂಸ್ಥೆಗಳು 2006ರಲ್ಲಿ ‘ಬಿಳಿ ಪುಸ್ತಿಕೆ’ ಎಂಬ ಪರ್ಯಾಯದ ಮೊರೆಹೊಕ್ಕವು. ಅಧಿಕೃತ ಕಾಗುಣಿತ ಕಾನೂನಿನ ಪ್ರಕಾರ ಕಡ್ಡಾಯವಾಗಿರುವುದು ಸರ್ಕಾರಕ್ಕೆ ಮತ್ತು ಶಿಕ್ಷಣಕ್ಕೆ. ಸಾಮಾನ್ಯ ನಾಗರಿಕರಿಗೆ ಅಲ್ಲ. ಕಾಗುಣಿತದ ಮೇಲಿನ ಜನರ ಒಲವು ಎಷ್ಟೆಂದರೆ, 1990ರಿಂದ 2016ರವರೆಗೆ ಪ್ರತಿ ವರ್ಷ ಉಕ್ತಲೇಖನದ ಸ್ಪರ್ಧೆಯೊಂದು ದೂರದರ್ಶನದಲ್ಲಿ ಪ್ರಸಾರವಾಗುತ್ತಿತ್ತು.

ಪೂರ್ವಾವ್ಯಯ: ‘ಮೇಲೆ’ ಎಂದರೆ ಯಾವ ಮೇಲೆ?

ಕನ್ನಡದಲ್ಲಿ ‘ಮನೆಯಲ್ಲಿ’, ‘ಮನೆಗೆ’, ‘ಮನೆಯಿಂದ’ ಎಂದು ಪ್ರತ್ಯಯ ಪದದ ಹಿಂದೆ ಅಂಟುತ್ತದೆ. ಡಚ್‌ನಲ್ಲಿ ಆ ಕೆಲಸವನ್ನು ಪದದ ಮುಂದೆ ಬಿಡಿಯಾಗಿ ನಿಲ್ಲುವ ಪೂರ್ವಾವ್ಯಯ ಮಾಡುತ್ತದೆ. ಸ್ಥಾನ ಬದಲಾಯಿಸಿಕೊಳ್ಳುವುದು ಸುಲಭ. ಕನ್ನಡದ ಒಂದು ರೂಪಕ್ಕೆ ಡಚ್‌ನ ಹಲವು ರೂಪಗಳಿರುವುದು ಕಷ್ಟ.

‘ಮೇಲೆ’ ಎಂಬ ಪದವನ್ನೇ ತೆಗೆದುಕೊಳ್ಳಬಹುದು. ಪುಸ್ತಕ ಮೇಜಿನ ಮೇಲಿದ್ದರೆ ‘ಒಪ್’. ಚಿತ್ರ ಗೋಡೆಯ ಮೇಲೆ ತೂಗುತ್ತಿದ್ದರೆ ‘ಆನ್’. ದೀಪವು ಮೇಜಿಗೆ ತಾಗದೆ ಅದರ ಮೇಲ್ಗಡೆ ಇದ್ದರೆ ‘ಬೋವನ್’. ಸೈಕಲ್ ಸೇತುವೆಯ ಮೇಲೆ ಹಾದುಹೋದರೆ ‘ಓವರ್’. ವಸ್ತು ಮೇಲೆ ಕುಳಿತಿದೆಯೇ, ಪಕ್ಕಕ್ಕೆ ಅಂಟಿ ತೂಗುತ್ತಿದೆಯೇ, ತಾಗದೆ ಮೇಲಿದೆಯೇ, ದಾಟಿ ಹೋಗುತ್ತಿದೆಯೇ ಎಂಬ ನಾಲ್ಕು ಪ್ರಶ್ನೆಗಳಿಗೆ ನಾಲ್ಕು ಉತ್ತರಗಳು.

ಚತುರ್ಥಿಯ ‘ಗೆ’ ಪ್ರತ್ಯಯವೂ ಹೀಗೆಯೇ ಒಡೆಯುತ್ತದೆ. ಬೆಂಗಳೂರಿಗೆ ಹೋಗುವುದಕ್ಕೆ ‘ನಾರ್’, ಅಮ್ಮನಿಗೆ ಕೊಡುವುದಕ್ಕೆ ‘ಆನ್’, ಮಗುವಿಗೆಂದು ತಂದದ್ದಕ್ಕೆ ‘ವೋರ್’, ಎಂಟು ಗಂಟೆಗೆ ಎನ್ನುವುದಕ್ಕೆ ‘ಒಮ್’. ಸಪ್ತಮಿಯ ‘ಅಲ್ಲಿ’ ಊರು, ತಿಂಗಳು, ವರ್ಷಗಳೊಡನೆ ‘ಇನ್’ ಆಗುತ್ತದೆ. ವಾರದ ದಿನಗಳೊಡನೆ ‘ಒಪ್’ ಆಗುತ್ತದೆ. ಶಾಲೆಯಲ್ಲಿ, ಕಚೇರಿಯಲ್ಲಿ, ಬೀದಿಯಲ್ಲಿ ಎನ್ನುವಾಗಲೂ ‘ಒಪ್’ ಬಳಸಿ ಆರ್ಟಿಕಲ್ ಬಿಡುವುದು ರೂಢಿ. ವೈದ್ಯರ ಬಳಿ, ಬೇಕರಿಯವರ ಬಳಿ ಎನ್ನಲು ‘ಬೈ’. ಮನೆಗಳ ಮುಂದೆ ಕಾಣುವ ಫಲಕಗಳಲ್ಲಿ ‘ಟ ಕೋಪ್’ ಎಂದಿದ್ದರೆ ಮಾರಾಟಕ್ಕಿದೆ, ‘ಟ ಹ್ಯೂರ್’ ಎಂದಿದ್ದರೆ ಬಾಡಿಗೆಗಿದೆ.

ಕನ್ನಡಿಗರಿಗೆ ಹಿತವೆನಿಸುವ ಒಂದು ಅಪವಾದವೂ ಇದೆ. ‘ಇನ್ ಹೆಟ್ ಬೊಸ್ ಲೋಪನ್’ ಎಂದರೆ ಕಾಡಿನಲ್ಲಿ ನಡೆದಾಡುವುದು. ಅದೇ ಪದವನ್ನು ಹಿಂದಕ್ಕೆ ಒಯ್ದು ‘ಹೆಟ್ ಬೊಸ್ ಇನ್ ಲೋಪನ್’ ಎ೦ದರೆ ಹೊರಗಿನಿಂದ ಕಾಡಿನೊಳಗೆ ನಡೆದುಹೋಗುವುದು. ದಿಕ್ಕನ್ನು ಸೂಚಿಸುವಾಗ ಪೂರ್ವಾವ್ಯಯ ಹೀಗೆ ಕನ್ನಡದಂತೆ ನಾಮಪದದ ಬೆನ್ನ ಹಿಂದೆ ನಿಲ್ಲುತ್ತದೆ.

ಗಂಟೆ ಮತ್ತು ಗಡುವು

ಕಾಲವನ್ನು ಹೇಳುವ ಪದಗಳಲ್ಲಿ ತಪ್ಪಿದರೆ ನಷ್ಟ ಅಂಕಗಳಿಗೆ ಸೀಮಿತವಾಗದು. ‘ಹಲ್ಫ್ ನೇಖನ್’ ಎಂದರೆ ಪದಶಃ ‘ಅರ್ಧ ಒಂಬತ್ತು’. ಕನ್ನಡಿಗರು ಅದನ್ನು ಒಂಬತ್ತೂವರೆ ಎಂದು ತಿಳಿಯುವ ಸಾಧ್ಯತೆ ಹೆಚ್ಚು. ಅದರ ನಿಜವಾದ ಅರ್ಥ ಎಂಟೂವರೆ. ಒಂಬತ್ತರತ್ತ ಅರ್ಧ ದಾರಿ ಸಾಗಿದೆ ಎಂಬ ಲೆಕ್ಕ. ಎಂಟು ಇಪ್ಪತ್ತೈದನ್ನು ‘ಅರ್ಧ ಒಂಬತ್ತಕ್ಕೆ ಐದು ಮುಂಚೆ’ ಎನ್ನುತ್ತಾರೆ. ವೈದ್ಯರ ಭೇಟಿಗೆ ಒಂದು ಗಂಟೆ ತಡವಾಗಿ ಹೋಗುವ ಹೊಸಬರ ಪಾಡಿಗೆ ಈ ಲೆಕ್ಕವೇ ಕಾರಣ.

ಸರ್ಕಾರಿ ಪತ್ರಗಳಲ್ಲಿ ಇನ್ನೂ ಎಚ್ಚರ ಬೇಕು. ‘ಬಿನನ್ ಜೆಸ್ ವೇಕನ್’ ಎಂದರೆ ಆರು ವಾರಗಳ ಒಳಗೆ. ‘ಓವರ್ ಜೆಸ್ ವೇಕನ್’ ಎಂದರೆ ಇಂದಿನಿಂದ ಆರು ವಾರ ಕಳೆದ ಮೇಲೆ. ಸರ್ಕಾರಿ ಆದೇಶವೊಂದಕ್ಕೆ ಆಕ್ಷೇಪಣೆ ಸಲ್ಲಿಸಲು ಡಚ್ ಆಡಳಿತ ಕಾನೂನು ಸಾಮಾನ್ಯವಾಗಿ ನೀಡುವ ಅವಧಿ ಆರು ವಾರಗಳು. ಈ ಎರಡು ಪದಗಳನ್ನು ಅದಲುಬದಲು ಮಾಡಿಕೊಂಡವರು ತಮ್ಮ ಹಕ್ಕನ್ನೇ ಕಳೆದುಕೊಳ್ಳಬಹುದು. ‘ಟೊಟ್ 1 ಮೈ’ ಎಂದರೆ ಮೇ 1ರವರೆಗೆ. ಆದರೆ ಆ ದಿನ ಲೆಕ್ಕಕ್ಕೆ ಸೇರಿದೆ ಎಂದು ನಂಬುವಂತಿಲ್ಲ. ‘ಟೊಟ್ ಎನ್ ಮೆಟ್ 1 ಮೈ’ ಎಂದರೆ ಮೇ 1ನ್ನೂ ಸೇರಿಸಿ. ಇದನ್ನು ‘ಟಿ’ ಮತ್ತು ‘ಎಂ’ ಅಕ್ಷರಗಳ ನಡುವೆ ಓರೆಗೆರೆ ಹಾಕಿ ಸಂಕ್ಷೇಪಿಸುವುದುಂಟು. ‘ವನಫ್ 1 ಮೈ’ ಎಂದರೆ ಮೇ 1ರಿಂದ ಆರಂಭಿಸಿ.

ಕ್ರಿಯಾಪದದ ಜೋಡಿಗಳು

ಹಲವು ಕ್ರಿಯಾಪದಗಳು ತಮ್ಮದೇ ಪೂರ್ವಾವ್ಯಯವನ್ನು ಕಟ್ಟಿಕೊಂಡಿರುತ್ತವೆ. ಅವನ್ನು ತರ್ಕದಿಂದ ಊಹಿಸಲಾಗದು, ಜೋಡಿಯಾಗಿಯೇ ಕಲಿಯಬೇಕು.

ವಖ್ಟನ್ ಒಪ್ – ಯಾರಿಗಾದರೂ ಕಾಯುವುದು
ಡೆಂಕನ್ ಆನ್ – ನೆನೆಯುವುದು
ಹೌಡನ್ ವನ್ – ಪ್ರೀತಿಸುವುದು
ಲೊಯ್ಸ್ಟರನ್ ನಾರ್ – ಆಲಿಸುವುದು
ಜೊರ್ಖನ್ ವೋರ್ – ಆರೈಕೆ ಮಾಡುವುದು

ಗುಣವಾಚಕಗಳಿಗೂ ಇಂತಹ ಸಂಗಾತಿಗಳಿವೆ. ‘ಬಂಗ್ ವೋರ್’ ಎಂದರೆ ಯಾವುದಕ್ಕಾದರೂ ಹೆದರಿದ, ‘ಟ್ರೊಟ್ಸ್ ಒಪ್’ ಎಂದರೆ ಹೆಮ್ಮೆಪಟ್ಟ, ‘ಬ್ಲೈ ಮೆಟ್’ ಎಂದರೆ ಸಂತೋಷಗೊಂಡ.

ಪ್ರಶ್ನೆ ಕೇಳುವಾಗ ವ್ಯಕ್ತಿ ಮತ್ತು ವಸ್ತುಗಳ ನಡುವೆ ಡಚ್ ಭೇದ ಮಾಡುತ್ತದೆ. ‘ಯಾರಿಗಾಗಿ ಕಾಯುತ್ತಿರುವೆ?’ ಎಂಬುದು ‘ಒಪ್ ವೀ ವಖ್ಟ್ ಯ?’, ‘ಯಾವುದಕ್ಕಾಗಿ ಕಾಯುತ್ತಿರುವೆ?’ ಎಂಬುದು ‘ವಾರ್ ವಖ್ಟ್ ಯ ಒಪ್?’. ವ್ಯಕ್ತಿಯಾದರೆ ಪೂರ್ವಾವ್ಯಯ ಮುಂದೆ, ವಸ್ತುವಾದರೆ ವಾಕ್ಯದ ಕೊನೆಯಲ್ಲಿ. ‘ಯಾರು’ ಮತ್ತು ‘ಯಾವುದು’ಗಳನ್ನು ಎಂದೂ ಬೆರೆಸದ ಕನ್ನಡಿಗರಿಗೆ ಇದರ ತರ್ಕ ಅಪರಿಚಿತವಲ್ಲ.

ಕಲಿಯುವ ಕ್ರಮ

ಭಾಷಾ ಶಿಕ್ಷಕರು ಹೊಸಬರಿಗೆ ನೀಡುವ ಮೊದಲ ಸಲಹೆ, ನಾಮಪದವನ್ನು ಎಂದೂ ಒಂಟಿಯಾಗಿ ಕಲಿಯಬಾರದು ಎಂಬುದು. ‘ಹೊಯ್ಸ್’ ಎಂದು ಬರೆದುಕೊಳ್ಳದೆ ‘ಹೆಟ್ ಹೊಯ್ಸ್’ ಎಂದೇ ಬರೆದುಕೊಂಡರೆ ಗುಣವಾಚಕದ ಸಮಸ್ಯೆ ಅರ್ಧ ಬಗೆಹರಿದಂತೆ. ‘ಹೆಟ್’ ಪದಗಳು ಕಡಿಮೆಯಾದ್ದರಿಂದ ಅವುಗಳ ಪ್ರತ್ಯೇಕ ಪಟ್ಟಿ ಇಟ್ಟುಕೊಳ್ಳುವುದೂ ಉಪಯುಕ್ತ. ಕ್ರಿಯಾಪದವನ್ನು ಅದರ ಪೂರ್ವಾವ್ಯಯದೊಂದಿಗೆ, ಪೂರ್ವಾವ್ಯಯವನ್ನು ಒಂದು ಪೂರ್ಣ ವಾಕ್ಯದೊಂದಿಗೆ ಕಲಿಯಬೇಕು. ಮಾತನಾಡುವಾಗ ‘ಇ’ ತಪ್ಪಿದರೂ ಅರ್ಥ ಕೆಡುವುದು ಅಪರೂಪ; ಆದ್ದರಿಂದ ಆ ಭಯದಿಂದ ಬಾಯಿ ಮುಚ್ಚಿ ಕೂರಬೇಕಿಲ್ಲ. ಗಡುವಿನ ಪದಗಳನ್ನು ಮಾತ್ರ ಮೊದಲ ವಾರದಲ್ಲಿಯೇ ಮನದಟ್ಟು ಮಾಡಿಕೊಳ್ಳುವುದು ಕ್ಷೇಮ.

ಮೂರೂ ಪಾಠಗಳು ಒಟ್ಟಿಗೆ ಕಾಣುವ ಒಂದು ಜಾಹೀರಾತಿನ ಸಾಲನ್ನು ನೋಡಬಹುದು. ‘ಟ ಹ್ಯೂರ್ ವನಫ್ 1 ಮೈ: ಅನ್ ಕ್ಲೈನ್ ಹೊಯ್ಸ್ ಮೆಟ್ ಅನ್ ಮೋಯ ಟೊಯ್ನ್ ಆನ್ ಅನ್ ರಸ್ಟಖ ಸ್ಟ್ರಾಟ್.’ ಮೇ 1ರಿಂದ ಬಾಡಿಗೆಗೆ: ಶಾಂತವಾದ ಬೀದಿಯಲ್ಲಿ, ಸುಂದರ ತೋಟವಿರುವ ಒಂದು ಚಿಕ್ಕ ಮನೆ. ಮನೆ ‘ಹೆಟ್’ ಗುಂಪಿನದು, ‘ಅನ್’ ಮುಂದಿದೆ. ಆದ್ದರಿಂದ ‘ಕ್ಲೈನ್’ ಪದಕ್ಕೆ ಬಾಲವಿಲ್ಲ. ತೋಟ, ಬೀದಿಗಳು ‘ಡ’ ಗುಂಪಿನವು. ಆದ್ದರಿಂದ ‘ಮೋಯ’, ‘ರಸ್ಟಖ’ ಎರಡಕ್ಕೂ ‘ಇ’ ಸೇರಿದೆ. ಮನೆ ಬೀದಿಯ ಅಂಚಿಗೆ ಹೊಂದಿಕೊಂಡಿರುವುದರಿಂದ ‘ಆನ್’. ಬೀದಿಯನ್ನು ಉದ್ದಕ್ಕೆ ಎಳೆಯುವ ಎರಡು ‘ಎ’ಗಳು ಬಹುವಚನದಲ್ಲಿ ಒಂದಾಗುತ್ತವೆ. ಇಷ್ಟನ್ನು ನೆರವಿಲ್ಲದೆ ಬಿಡಿಸಿ ಓದಬಲ್ಲವರು, ಮುಂದಿನ ನೀಲಿ ಲಕೋಟೆಯನ್ನು ನೆರೆಮನೆಯವರ ಬಳಿ ಒಯ್ಯುವ ಮುನ್ನ ಒಮ್ಮೆ ತಾವೇ ತೆರೆದು ನೋಡುವ ಧೈರ್ಯ ಮಾಡಬಹುದು.